ಫ್ರೀ ಅಂದ್ರೆ ಯಾರ ದುಡ್ಡು? | ಕೆನಡಾ ಸ್ಟಡಿ ಪರ್ಮಿಟ್, ಭಾಗ 3

ಹಿಂದಿನ ಎರಡು ಭಾಗ ಓದಿದವರಲ್ಲಿ ಸುಮಾರು ಜನ ಡಿಎಂ ಮಾಡಿ ಕೇಳಿದ್ದು ಒಂದೇ ಪ್ರಶ್ನೆ: "ಕನ್ಸಲ್ಟೆನ್ಸಿಗೆ ಹೋಗ್ಲೇಬೇಕಾ, ನಾವೇ ಹಾಕಬಹುದಾ?"

ನೀವೇ ಹಾಕಬಹುದು. ಆದರೆ ಸಹಾಯ ಬೇಕು ಅನ್ನಿಸಿದ್ರೆ, ಯಾರ ಹತ್ರ ಹೋಗ್ತಿದ್ದೀರಿ ಅಂತ ಮೊದಲು ತಿಳ್ಕೊಳ್ಳಿ. ಯಾಕಂದ್ರೆ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ಕೆಲಸ ನಡೀತಿರುತ್ತೆ.

📌 ಮೊದಲನೇದು, ಅಡ್ಮಿಷನ್ ಏಜೆಂಟ್ ಕೆಲಸ. ಕಾಲೇಜು ತೋರಿಸೋದು, ಅರ್ಜಿ ಹಾಕ್ಸೋದು. "ನಮ್ಮ ಸರ್ವಿಸ್ ಪೂರ್ತಿ ಫ್ರೀ" ಅಂತಾರಲ್ಲ, ಅಲ್ಲಿ ಸಾಮಾನ್ಯವಾಗಿ ದುಡ್ಡು ಕೊಡೋದು ಕಾಲೇಜು. ನೀವು ಸೇರಿದ್ರೆ ಅವರಿಗೆ ಕಮಿಷನ್. ಅದು ತಪ್ಪಲ್ಲ. ಆದರೆ ಗಂಡಿನ ಕಡೆಯಿಂದ ಕಮಿಷನ್ ತಗೊಳ್ಳೋ ಮದುವೆ ಬ್ರೋಕರ್ ಹುಡುಗನ ಬಗ್ಗೆ ಏನು ಹೇಳ್ತಾನೆ, ಏನು ಹೇಳಲ್ಲ ಅನ್ನೋದು ನಿಮ್ಮ ಅಜ್ಜಿಗೂ ಗೊತ್ತು. ಆ ಲೆಕ್ಕ ತಲೇಲಿ ಇಟ್ಕೊಂಡೇ ಅವರ ಮಾತು ಕೇಳಿ.

📌 ಎರಡನೇದು, ಪರ್ಮಿಟ್ ಅರ್ಜಿ ಬಗ್ಗೆ ಸಲಹೆ ಕೊಟ್ಟು, ನಿಮ್ಮ ಪರವಾಗಿ ಸರ್ಕಾರದ ಜೊತೆ ವ್ಯವಹರಿಸೋದು. ಇದಕ್ಕೆ ಫೀಸು ತಗೋಬೇಕು ಅಂದ್ರೆ ಕೆನಡಾದ ಕಾನೂನು ಪ್ರಕಾರ ಲೈಸೆನ್ಸ್ ಬೇಕು. ಒಂದೋ ಅಲ್ಲಿನ ಲಾ ಸೊಸೈಟಿ ಸದಸ್ಯತ್ವ ಇರೋ ವಕೀಲರು, ಇಲ್ಲಾ ಕ್ವಿಬೆಕ್‌ನ ನೋಟರಿ, ಇಲ್ಲಾ ಆರ್‌ಸಿಐಸಿ ಅನ್ನೋ ಲೈಸೆನ್ಸ್ ಇರೋ ಕನ್ಸಲ್ಟೆಂಟ್. ಅಡ್ಮಿಷನ್ ಏಜೆಂಟ್ ಅನ್ನೋ ಕಾರಣಕ್ಕೆ ಯಾರಿಗೂ ಈ ಅಧಿಕಾರ ಬರಲ್ಲ.

ಚೆಕ್ ಮಾಡೋದು ಸುಲಭ. ಆರ್‌ಸಿಐಸಿಗಳ ನಂಬರ್ ಆರ್ ಅಕ್ಷರದಿಂದ ಶುರುವಾಗುತ್ತೆ. ಲೈಸೆನ್ಸ್ ಕೊಡೋ ಸಂಸ್ಥೆ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್. ಅದರ ವೆಬ್‌ಸೈಟಿನಲ್ಲಿ ಎಲ್ಲರ ಪಟ್ಟಿ ಇದೆ. ಹೆಸರು ಹಾಕಿದ್ರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಗೊತ್ತಾಗುತ್ತೆ. ಅಂಥವರು ನಿಮ್ಮ ಪರವಾಗಿ ಅರ್ಜಿ ಹಾಕಿದ್ರೆ ಐಎಂಎಂ 5476 ಅನ್ನೋ ಫಾರಂನಲ್ಲಿ ತಮ್ಮ ಹೆಸರು, ನಂಬರ್ ಬರೀಬೇಕು.

"ಆ ಫಾರಂ ಎಲ್ಲ ಬೇಡ, ನಿಮ್ಮ ಹೆಸರಲ್ಲೇ ಲಾಗಿನ್ ಮಾಡಿ ನಾವೇ ಹಾಕ್ತೀವಿ" ಅಂದ್ರೆ ಎಚ್ಚರ. ಆಗ ದಾಖಲೆಯಲ್ಲಿ ಅವರು ಇರೋದೇ ಇಲ್ಲ. ಅಲ್ಲಿ ಇಂಥವರನ್ನ ಗೋಸ್ಟ್ ಕನ್ಸಲ್ಟೆಂಟ್ ಅಂತಾನೇ ಕರೀತಾರೆ. ದುಡ್ಡು ತಗೊಂಡ ಕೈ ಕಾಣಲ್ಲ, ಸಹಿ ಮಾತ್ರ ನಿಮ್ಮದು.

ಸಹಿ ಅಂದಾಗ ನಮ್ಮನೆ ವಿಷಯ ಹೇಳ್ಬೇಕು. ಮೊದಲ ವರ್ಷದ ಫೀಸು, ಪ್ರಯಾಣದ ಖರ್ಚು ಬಿಟ್ಟು ಬರೀ ಜೀವನ ಖರ್ಚಿಗೇ ಒಬ್ಬರಿಗೆ 22,895 ಕೆನಡಾ ಡಾಲರ್ ತೋರಿಸ್ಬೇಕು (2025ರ ಸೆಪ್ಟೆಂಬರ್ 1ರಿಂದ ಇರೋ ಲೆಕ್ಕ). ನಮ್ಮ ದುಡ್ಡಲ್ಲಿ ಹದಿನಾಲ್ಕು ಲಕ್ಷಕ್ಕೂ ಮೇಲೆ. ಅಪ್ಪನದ್ದು ಸಣ್ಣ ಹಾರ್ಡ್‌ವೇರ್ ಅಂಗಡಿ. ನಮ್ಮೂರಿನ ಒಂದು ಆಫೀಸಿನವರು ಕಾಫಿ ತರಿಸಿ, ನಗ್ತಾ ಹೇಳಿದ್ರು: "ಆರು ತಿಂಗಳಿಂದ ಅಕೌಂಟಲ್ಲಿ ದುಡ್ಡಿತ್ತು ಅಂತ ಸ್ಟೇಟ್‌ಮೆಂಟ್ ಮಾಡಿಸೋಣ ಸಾರ್. ಎಲ್ಲರೂ ಮಾಡ್ತಾರೆ."

ಅಪ್ಪ ಒಂದೇ ಪ್ರಶ್ನೆ ಕೇಳಿದ್ರು. "ಅರ್ಜಿ ಮೇಲೆ ಸಹಿ ಯಾರದ್ದು?"

"ನಿಮ್ಮ ಮಗಳದ್ದೇ ಸಾರ್."

"ಹಾಗಾದ್ರೆ ಬೇಡ ಬಿಡಿ."

ಅಪ್ಪ ಒಂದು ಸಲ ಸ್ನೇಹಿತರ ಸಾಲಕ್ಕೆ ಜಾಮೀನು ಹಾಕಿ ಆರು ವರ್ಷ ಕಟ್ಟಿದವರು. ಸಹಿಯ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅರ್ಜಿಯಲ್ಲಿ ಸುಳ್ಳು ದಾಖಲೆ ಕೊಟ್ಟಿದ್ದು ಸಾಬೀತಾದ್ರೆ ಕೆನಡಾಕ್ಕೆ 5 ವರ್ಷ ಪ್ರವೇಶ ನಿಷೇಧ. ಅದು ಬೀಳೋದು ಅರ್ಜಿದಾರರ ಮೇಲೆ. ಕಾಫಿ ತರಿಸಿದವರ ಅಂಗಡಿ ಮಾರನೇ ದಿನವೂ ತೆರೆದಿರುತ್ತೆ.

2023ರ ಸುದ್ದಿ ನೆನಪಿದ್ಯಾ? ಏಜೆಂಟ್ ಕೊಟ್ಟ ಕಾಲೇಜಿನ ಪತ್ರವೇ ನಕಲಿ ಅಂತ ಗೊತ್ತಾಗಿ, ವರ್ಷಗಟ್ಟಲೆ ಕೆನಡಾದಲ್ಲಿ ಓದಿ ಕೆಲಸ ಮಾಡ್ತಿದ್ದ ಭಾರತದ ವಿದ್ಯಾರ್ಥಿಗಳು ಗಡೀಪಾರಿನ ಭಯದಲ್ಲಿ ಬೀದೀಲಿ ಕೂತು ಪ್ರತಿಭಟನೆ ಮಾಡಿದ್ರು. ಹೆಚ್ಚಿನವರು ಪಂಜಾಬಿನವರು. ಆಮೇಲೆ ಸರ್ಕಾರ ಒಬ್ಬೊಬ್ಬರ ಪ್ರಕರಣ ಬೇರೆ ಬೇರೆ ನೋಡೋಕೆ ಒಪ್ಪಿತು. ಆ ವರ್ಷದ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಕಾಲೇಜಿನಿಂದಲೇ ನೇರವಾಗಿ ಖಚಿತ ಮಾಡ್ಕೊಳ್ತಾರೆ.

ನಾವು ಕೊನೆಗೆ ಬ್ಯಾಂಕಿನ ಎಜುಕೇಷನ್ ಲೋನ್ ಮಂಜೂರಾತಿ ಪತ್ರ, ಅಪ್ಪನ ನಿಜವಾದ ಲೆಕ್ಕ, ಎರಡನ್ನೂ ಇಟ್ವಿ. ಸಾಲದ ಪತ್ರವೂ ಹಣದ ಪುರಾವೆಯೇ, ನಾಚಿಕೆ ಬೇಡ. ಅರ್ಜಿ ನಾನೇ ತುಂಬಿದೆ. ಲೈಸೆನ್ಸ್ ಇರೋ ಕನ್ಸಲ್ಟೆಂಟ್ ಒಬ್ಬರಿಗೆ ಒಂದು ಗಂಟೆಯ ಫೀಸು ಕೊಟ್ಟು ಎಲ್ಲ ಕಾಗದ ತೋರಿಸಿದೆ. ಬಿಇ ಆದಮೇಲಿನ ಒಂದು ವರ್ಷದ ಗ್ಯಾಪ್ ಬಗ್ಗೆ, ಇದೇ ಕೋರ್ಸ್ ಯಾಕೆ ಅನ್ನೋದರ ಬಗ್ಗೆ, ಓದು ಮುಗಿದ ಮೇಲೆ ಏನು ಅನ್ನೋದರ ಬಗ್ಗೆ ಅವರು ಕೇಳಿದ ಪ್ರಶ್ನೆಗಳಿಗೇ ಆ ದುಡ್ಡು ಸಾರ್ಥಕ. "ಅವಧಿ ಮುಗಿದ ಮೇಲೆ ವಾಪಸ್ ಹೋಗ್ತಾರೆ ಅನ್ನೋ ನಂಬಿಕೆ ಬರಲಿಲ್ಲ" ಅನ್ನೋದೇ ರಿಫ್ಯೂಸಲ್ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣೋ ಸಾಲು.

ನನ್ನ ಪರ್ಮಿಟ್ ಬಂತು. ನನ್ನ ಜೊತೆಗೇ, ಅದೇ ಕನ್ಸಲ್ಟೆಂಟ್ ಹತ್ರ ಹೋಗಿದ್ದ ಗೆಳತಿಗೆ ರಿಫ್ಯೂಸ್ ಆಯ್ತು. ಹೌದು, ಲೈಸೆನ್ಸ್ ಇರೋರೂ ಗ್ಯಾರಂಟಿ ಕೊಡೋಕಾಗಲ್ಲ. ಆದರೆ ಅವಳ ಕಾಗದ ಎಲ್ಲ ನಿಜ. ಹಾಗಾಗಿ ಕಾರಣ ನೋಡ್ಕೊಂಡು ಈಗ ಮತ್ತೆ ಹಾಕ್ತಿದ್ದಾಳೆ. ಸುಳ್ಳು ಕಾಗದ ಇಟ್ಟವರಿಗೆ ಆ ಬಾಗಿಲು ಇರಲ್ಲ.

✅ ಆಫೀಸಿಗೆ ಹೋದಾಗ ಇಷ್ಟು ಕೇಳಿ:
▪️ ನಿಮ್ಮ ಲೈಸೆನ್ಸ್ ನಂಬರ್ ಎಷ್ಟು? 5476ಕ್ಕೆ ಸಹಿ ಹಾಕೋರು ಯಾರು?
▪️ ಈ ಕಾಲೇಜಿನಿಂದ ನಿಮಗೆ ಕಮಿಷನ್ ಇದ್ಯಾ?
▪️ ಸರ್ಕಾರದ ಫೀಸು ಪರ್ಮಿಟ್ಟಿಗೆ 150, ಬಯೋಮೆಟ್ರಿಕ್ಸ್‌ಗೆ 85 ಡಾಲರ್. ಅದರ ಮೇಲಿನದ್ದು ಯಾವುದಕ್ಕೆ? ಒಪ್ಪಂದ, ರಸೀದಿ ಕೊಡ್ತೀರಾ?
▪️ ಲಾಗಿನ್, ಪಾಸ್‌ವರ್ಡ್, ಕಳಿಸಿದ ಪ್ರತಿ ಕಾಗದದ ಕಾಪಿ ನನಗೆ ಸಿಗುತ್ತಾ?

"ಎಸ್‌ಡಿಎಸ್‌ನಲ್ಲಿ ಹಾಕಿ 20 ದಿನದಲ್ಲಿ ಮಾಡಿಸ್ತೀವಿ" ಅಂದ್ರೆ ಎದ್ದು ಬನ್ನಿ. ಆ ಸ್ಕೀಮ್ 2024ರ ನವೆಂಬರ್ 8ಕ್ಕೇ ಮುಗಿದಿದೆ.

ಎಸಿ ರೂಮು, ಟೈ ಕಟ್ಟಿದವರನ್ನ ನೋಡಿ ಅಪ್ಪ-ಅಮ್ಮ ಪ್ರಶ್ನೆ ಕೇಳೋಕೆ ಸಂಕೋಚ ಪಡ್ತಾರೆ. ನೀವು ಕೇಳಿ. ಅಡ ಇಡೋದು ಅವರ ಮನೆ, ಸಹಿ ಹಾಕೋದು ನೀವು.

ಸೇವ್ ಮಾಡ್ಕೊಳ್ಳಿ, ಈ ವಾರ ಯಾವುದಾದ್ರೂ ಆಫೀಸಿಗೆ ಹೊರಟಿರೋ ಫ್ರೆಂಡಿಗೆ ಕಳಿಸಿ. ಭಾಗ 4ರಲ್ಲಿ: ಸ್ಟಡಿ ಪ್ಲಾನ್ ಬರೆಯೋದು ಹೇಗೆ.