ಎಣ್ಣೆ ಕ್ಯಾನಿನ ಮಡ್‌ಗಾರ್ಡ್

ಮಳೆಗಾಲದ ಸೈಕಲ್, ಕಂತು 6. ಉದ್ದ ಆಯ್ತು, ನಾಲ್ಕು ಪೋಸ್ಟ್ ಮಾಡಿದ್ದೇನೆ.

1/4

ಮೊದಲ ಫೋಟೊದಲ್ಲಿರೋದು ನನ್ನ ಬೆನ್ನು. ಸೊಂಟದಿಂದ ಕುತ್ತಿಗೆಯವರೆಗೆ ಕೆಮ್ಮಣ್ಣಿನ ಒಂದು ಪಟ್ಟೆ. ಅಂಗಿ ಬಿಳಿ. ಅಂದರೆ ಬೆಳಿಗ್ಗೆ ಮನೆ ಬಿಡುವಾಗ ಬಿಳಿ ಇತ್ತು.

ನಮ್ಮ ಮನೆಯಿಂದ ಟಾರು ರಸ್ತೆಗೆ ಮೂರು ಕಿ.ಮೀ. ಮಣ್ಣುದಾರಿ, ಅಲ್ಲಿಂದ ತೀರ್ಥಹಳ್ಳಿ ಪೇಟೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಮೂರು ಕಿ.ಮೀ. ಕಲಸಿಟ್ಟ ಹಿಟ್ಟಿನ ಹಾಗೆ ಇರುತ್ತೆ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುತ್ತೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಒಂದು ಅಂಗಿ ಹಾಳು ಮಾಡೋಕೆ ಅಷ್ಟೆಲ್ಲ ಬೇಡ.

ಸೈಕಲ್ ತಗೊಳ್ಳುವಾಗ ಗೇರು ಎಣಿಸಿದೆ, ಡಿಸ್ಕ್ ಬ್ರೇಕು ಹಿಡಿದು ನೋಡಿದೆ, ಟಯರಿನ ಗುಬಟುಗಳನ್ನು ಮುಟ್ಟಿ ಖುಷಿಪಟ್ಟೆ. ಮಡ್‌ಗಾರ್ಡ್ ಇಲ್ಲ ಅನ್ನೋದು ಗೊತ್ತಾಗಿದ್ದು ಮೊದಲ ಮಳೆಗೆ. ಅಪ್ಪ ಇಪ್ಪತ್ತು ವರ್ಷ ಕರಿ ಸೈಕಲ್ ಹೊಡೆದರು, ಬಿಳಿ ಪಂಚೆ ಉಟ್ಟು. ಅದಕ್ಕೆ ಚಕ್ರದ ಮೇಲೆ ಅರ್ಧ ಸುತ್ತು ಬರೋ ಕಬ್ಬಿಣದ ಮಡ್‌ಗಾರ್ಡ್, ಅಚ್ಚಿನ ತನಕ ಬಂದು ಬಿಗಿಯೋ ಕಡ್ಡಿ, ತುದಿಗೊಂದು ರಬ್ಬರು. ನಾನು ಅದರ ಹಲವು ಪಟ್ಟು ದುಡ್ಡು ಕೊಟ್ಟು ತಂದಿದ್ದಕ್ಕೆ ಅದೇ ಇಲ್ಲ. "ಎಂತ ಮಾರಾಯಾ, ಅರ್ಧ ಸೈಕಲ್ ತಂದಿದೀಯಲ್ಲ" ಅಂದರು ಅಮ್ಮ. ಬಟ್ಟೆ ಒಗೆಯೋದು ನಾನೇ, ಆದರೂ ಬೈಯುವ ಹಕ್ಕು ಅವರದೇ.

ಅಪ್ಪನ ಸೈಕಲ್ಲಿಂದು ಬಿಚ್ಚಿ ಇದಕ್ಕೆ ಹಾಕಬಹುದಲ್ಲ ಅಂತ ನೀವು ಕೇಳಬಹುದು. ಆಗಲ್ಲ. ಇದರ ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗ್ ಇದೆ. ಗುಂಡಿಗೆ ಇಳಿದಾಗ ಚಕ್ರ ಮೇಲೆ ಬರುತ್ತೆ. ಮಡ್‌ಗಾರ್ಡನ್ನು ಹ್ಯಾಂಡಲ್ಲಿನ ಕೆಳಗಿನ ಭಾಗಕ್ಕೆ ಕಟ್ಟಿದರೆ ಚಕ್ರ ಬಂದು ಅದಕ್ಕೇ ಬಡಿಯುತ್ತೆ. ಫೋರ್ಕಿನ ಕೆಳಗಿನ ಎರಡು ಕಾಲುಗಳನ್ನು ಸೇರಿಸೋ ಕಮಾನು ಇರುತ್ತಲ್ಲ, ಅದು ಚಕ್ರದ ಜೊತೆಗೇ ಏಳುತ್ತೆ, ಇಳಿಯುತ್ತೆ. ಕಟ್ಟೋದಾದರೆ ಅಲ್ಲೇ ಕಟ್ಟಬೇಕು. ಇಷ್ಟು ತಿಳಿಯೋಕೆ ನನಗೆ ಒಂದು ಮಳೆಗಾಲ ಹಿಡಿಯಿತು.

2/4

ಮನೆಯಲ್ಲಿ ಮಾಡಿದ ಮೊದಲನೆಯದು ಅಡಿಕೆ ಹಾಳೆದು. ನಗಬೇಡಿ. ತೋಟದ ತುಂಬ ಬಿದ್ದಿರುತ್ತೆ, ಪುಕ್ಕಟೆ, ನೆನೆಸಿದರೆ ಹೇಳಿದ ಹಾಗೆ ಬಗ್ಗುತ್ತೆ, ಒಣಗಿದರೆ ಆಕಾರ ಬಿಡಲ್ಲ. ಮುಟ್ಟಾಳೆ ಮಾಡ್ತಾರೆ, ತಟ್ಟೆ ಮಾಡ್ತಾರೆ, ಮಡ್‌ಗಾರ್ಡ್ ಯಾಕಾಗಬಾರದು? ಒಣಗಿದ ದಿನ ಬಹಳ ಚಂದ ಇತ್ತು, ಎರಡನೇ ಫೋಟೊ ನೋಡಿ. ನೆನೆದರೆ ಬಗ್ಗುತ್ತೆ ಅಂತ ನಾನೇ ಈಗ ಹೇಳಿದೆನಲ್ಲ, ಮಳೆಗೂ ಅದು ಗೊತ್ತಿತ್ತು. ಅರ್ಧ ದಾರಿಯಲ್ಲಿ ಟಯರಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಮಲಗಿತು.

ಆಮೇಲೆ ದುಡ್ಡು ಕೊಟ್ಟು ಒಂದು ಜೊತೆ ತರಿಸಿದೆ. ಹಿಂದಿನದು ಸೀಟಿನ ಕಂಬಕ್ಕೆ ಕ್ಲಿಪ್ ಹಾಕೋದು. ಟಾರಿನ ಮೇಲೆ ಒಳ್ಳೆಯದು, ಬೆನ್ನಿನ ಪಟ್ಟೆ ನಿಂತಿತು. ಮಣ್ಣುದಾರಿಯಲ್ಲಿ ನಾಲ್ಕು ಕುಲುಕಿಗೆ ನಾಯಿ ಬಾಲದ ಹಾಗೆ ಪಕ್ಕಕ್ಕೆ ತಿರುಗುತ್ತೆ. ಕಂಬಕ್ಕೆ ಹಳೇ ಟ್ಯೂಬಿನ ತುಂಡು ಸುತ್ತಿ ಅದರ ಮೇಲೆ ಕ್ಲಿಪ್ ಬಿಗಿದ ಮೇಲೆ ಸರಿಯಾಯ್ತು. ಮುಂದಿನದು ಚಪ್ಪಟೆ ಪ್ಲಾಸ್ಟಿಕ್ ಹಾಳೆ, ಬಗ್ಗಿಸಿ ನಾಲ್ಕು ಜಿಪ್ ಟೈಯಲ್ಲಿ ಕಟ್ಟೋದು. ಕೈಯಲ್ಲಿ ಹಿಡಿದಾಗ ನಿಜ ಹೇಳಬೇಕಂದ್ರೆ ಸಿಟ್ಟು ಬಂತು. ಇಷ್ಟೇನಾ? ಇದನ್ನ ನಾನೇ ಕತ್ತರಿಸಬಹುದಿತ್ತಲ್ಲ! ಮೇಲಾಗಿ ಗಿಡ್ಡ. ಒಣ ಊರಿನಲ್ಲಿ ಅಲ್ಲೊಂದು ಇಲ್ಲೊಂದು ಕೊಚ್ಚೆ ದಾಟೋರಿಗೆ ಸಾಕು. ನಮ್ಮ ದಾರಿಯಲ್ಲಿ ಇಳಿಜಾರಿಗೆ ಬಿಟ್ಟರೆ ಚಕ್ರ ಎತ್ತಿದ ಕೆಸರು ಅದರ ಮುಂದಿನ ತುದಿ ದಾಟಿ ಸೀದಾ ಕಣ್ಣಿಗೇ.

ಹಾಗಾಗಿ ಎಣ್ಣೆ ಕ್ಯಾನು. ಹೋಟೆಲಿಗೆ ಅಡುಗೆ ಎಣ್ಣೆ ಬರುತ್ತಲ್ಲ, 15 ಲೀಟರಿನ ಪ್ಲಾಸ್ಟಿಕ್ ಕ್ಯಾನು, ಅದರ ಅಗಲದ ಬದಿ. ಅಡಿಯಲ್ಲಿ ತ್ರಿಕೋನದೊಳಗೆ 2 ಅಂತ ಅಚ್ಚಾಗಿದ್ದರೆ ಒಳ್ಳೆಯದು. ಆ ಜಾತಿಯ ಪ್ಲಾಸ್ಟಿಕ್ ಬಗ್ಗುತ್ತೆ, ಸುಲಭಕ್ಕೆ ಸೀಳಲ್ಲ. ತೋಟಕ್ಕೆ ಹೊಡೆಯೋ ಔಷಧಿಯ ಕ್ಯಾನು ಮಾತ್ರ ಬೇಡ, ಎಷ್ಟು ತೊಳೆದಿದ್ದರೂ ಬೇಡ, ಅದರ ಮೇಲಿಂದ ಬರೋ ನೀರು ಮುಖಕ್ಕೆ ಬೀಳೋದು. ಬಿಸಿ ನೀರಲ್ಲಿ ಸೋಪು ಹಾಕಿ ಜಿಡ್ಡು ತೆಗೆದು, ಮೊದಲು ರಟ್ಟಿನಲ್ಲಿ ಆಕಾರ ಕತ್ತರಿಸಿ ಫೋರ್ಕಿಗೆ ಹಿಡಿದು ನೋಡಿ, ಆಮೇಲೆ ಪ್ಲಾಸ್ಟಿಕ್ಕಿಗೆ ಕತ್ತರಿ ಹಾಕಿ. ತೂತನ್ನು ಚಾಕುವಿನಲ್ಲಿ ಸೀಳಬೇಡಿ, ಮೂಲೆಯಿಂದ ಬಿರುಕು ಬಿಡುತ್ತೆ. ಮೊಳೆ ಕಾಯಿಸಿ ಚುಚ್ಚಿ. ದುಂಡಗೆ ಕರಗಿದ ತೂತು ಹರಿಯಲ್ಲ. (ಬಾಗಿಲು ತೆರೆದಿಟ್ಟುಕೊಂಡು ಮಾಡಿ, ವಾಸನೆ ಕೆಟ್ಟದು.) ಟೈ ಹಾಕೋದು ಕಮಾನಿಗೆ ಮತ್ತು ಕೆಳಗಿನ ಕಾಲುಗಳಿಗೆ. ಮೇಲಿನ ಹೊಳೆಯೋ ಕೊಳವೆಗೆ ಹಾಕಿದರೆ ಅದು ಗೀರಾಗುತ್ತೆ, ಸ್ಪ್ರಿಂಗೂ ಆಡಲ್ಲ. ಬ್ರೇಕಿನ ಪೈಪನ್ನು ಸೇರಿಸಿ ಕಟ್ಟಬೇಡಿ. ಟಯರಿಗೂ ಪ್ಲಾಸ್ಟಿಕ್ಕಿಗೂ ನಡುವೆ ಒಂದು ಬೆರಳು ಸಲೀಸಾಗಿ ಆಡಬೇಕು.

ನನ್ನದು 33 ಸೆಂ.ಮೀ. ಉದ್ದ, 20 ಅಗಲ ಬಂತು. ಖರ್ಚು ಜಿಪ್ ಟೈದು ಮಾತ್ರ. ಕಣ್ಣಿಗೆ ಕೆಸರು ಬರೋದು ನಿಂತಿತು. ಆಗ ಇಲ್ಲೇ ಒಂದು ಪೋಸ್ಟ್ ಹಾಕಿ ಅಂಗಡಿಯವರನ್ನು ಚೆನ್ನಾಗಿ ಆಡಿಕೊಂಡಿದ್ದೆ, ಕೆಲವರಿಗೆ ನೆನಪಿರಬಹುದು. ಅದನ್ನ ಅಳಿಸಿದ್ದೇನೆ. ಯಾಕೆ ಅಂತ ಮುಂದಿನದರಲ್ಲಿ.

3/4

ಇದಕ್ಕೆ ಫೋಟೊ ಇಲ್ಲ. ಗದ್ದೆಯ ಫೋಟೊ ಹಾಕಿದ್ದೇನೆ, ಸುಮ್ಮನೆ.

ಹೋದ ವರ್ಷ ಆಗಸ್ಟಿನಲ್ಲಿ ಅಕ್ಕ ಬಂದಿದ್ದಳು. ಮಗ ಜೊತೆಗೆ, ಹತ್ತನೇ ಕ್ಲಾಸು. "ಮಾವ, ಒಂದು ರೌಂಡ್?" ಅಂದ. ಹೋಗು ಅಂದೆ.

ಅದಕ್ಕೆ ನಾಲ್ಕು ದಿನ ಮೊದಲು ಬಲಗಡೆಯ ಕೆಳಗಿನ ಜಿಪ್ ಟೈ ತುಂಡಾಗಿತ್ತು. ಬಿಳಿ ಟೈ. ಬೇಸಿಗೆಯಿಡೀ ಬಿಸಿಲಲ್ಲಿ ನಿಂತು ಪೆಳಸಾಗಿತ್ತು. ಮನೆಯಲ್ಲಿ ಬೇರೆ ಇರಲಿಲ್ಲ. ಗೋಣಿಚೀಲ ಹೊಲಿಯೋ ದಾರದಲ್ಲಿ ಎರಡು ಸುತ್ತು ಸುತ್ತಿ ಗಂಟು ಹಾಕಿದ್ದೆ, ನಾಳೆ ಪೇಟೆಯಿಂದ ತಂದರಾಯ್ತು ಅಂತ. ಆ ನಾಲ್ಕು ದಿನವೂ ಪೇಟೆಗೆ ಹೋಗಿದ್ದೇನೆ.

ನಾನು ಹೊಡೆಯುವಾಗ ಅದು ಸಡಿಲ ಆದರೆ ಟರ್ ಟರ್ ಅಂತ ಸದ್ದು ಬರ್ತಿತ್ತು. ಇಳಿದು ಗಂಟು ಬಿಗಿ ಮಾಡಿ ಹೋಗ್ತಿದ್ದೆ. ಅದು ನನಗೆ ಅಭ್ಯಾಸ ಆಗಿಹೋಗಿತ್ತು, ಅದೊಂದು ದೋಷ ಅಂತಲೇ ಮರೆತಿದ್ದೆ. ಅವನಿಗೆ ಹೇಳಲಿಲ್ಲ. ಅವನಿಗೆ ಆ ಸದ್ದು ಕೇಳಿರಬಹುದು, ಬೈಕಿನ ಹಾಗೆ ಶಬ್ದ ಬರ್ತಿದೆ ಅಂತ ಖುಷಿಯೂ ಆಗಿರಬಹುದು, ಹದಿನೈದು ವರ್ಷದ ಹುಡುಗ. ಹಳ್ಳಕ್ಕೆ ಇಳಿಯೋ ಇಳಿಜಾರಿನಲ್ಲಿ ಒಂದು ಕೋಲು ಚಕ್ರಕ್ಕೆ ಸಿಕ್ಕಿ ಮೇಲೆ ಬಂದಿದೆ. ದಾರ ಬಿಚ್ಚಿಕೊಂಡಿದೆ. ಕೋಲಿನ ಜೊತೆ ಪ್ಲಾಸ್ಟಿಕ್ಕೂ ಕಮಾನಿನ ಕೆಳಗೆ ಸುತ್ತಿಕೊಂಡು ಚಕ್ರ ನಿಂತೇಹೋಗಿದೆ. ಚಕ್ರ ನಿಂತರೂ ಹುಡುಗ ನಿಲ್ಲಲಿಲ್ಲ, ಹ್ಯಾಂಡಲ್ ದಾಟಿ ಮುಂದಕ್ಕೆ ಬಿದ್ದ.

ಕಾಲರ್ ಬೋನ್. ಬಲಗಡೆ. ಕೈಯನ್ನು ಕೊರಳಿಗೆ ಕಟ್ಟಿ ಕಳಿಸಿದರು. ಮೂರು ವಾರ ಪೆನ್ನು ಹಿಡಿಯಲಾಗಲಿಲ್ಲ, ಅವನ ನೋಟ್ಸನ್ನು ರಾತ್ರಿ ಕೂತು ಅಕ್ಕ ಬರೆದಳು. ತಲೆಗೆ ಹೆಲ್ಮೆಟ್ ಇತ್ತು, ಅದನ್ನ ಮಾತ್ರ ನಾನು ಒತ್ತಾಯ ಮಾಡಿ ಹಾಕಿಸಿದ್ದೆ.

ಅಕ್ಕ ಬೈಯಲಿಲ್ಲ. ಆಸ್ಪತ್ರೆಯಿಂದ ಬಂದ ರಾತ್ರಿ ಜಗಲಿಯಲ್ಲಿ ಕೂತು, "ಅಂಗಡಿದು ಹಾಕಿದ್ರೆ ಹಿಂಗಾಗ್ತಿರ್ಲಿಲ್ಲ ಅಲ್ವನಾ?" ಅಂತ ಕೇಳಿದಳು. ಆಪಾದನೆ ಇರಲಿಲ್ಲ ಅದರಲ್ಲಿ, ನಿಜವಾಗಿ ತಿಳಿದುಕೊಳ್ಳೋಕೆ ಕೇಳಿದ್ದು. ನನಗೆ ಉತ್ತರ ಬರಲಿಲ್ಲ.

4/4

ಆ ಉತ್ತರ ಹುಡುಕಿದೆ, ವರ್ಷ ಪೂರ್ತಿ.

ಅಂಗಡಿಯದನ್ನೂ ನನ್ನದನ್ನೂ ಪಕ್ಕದಲ್ಲಿಟ್ಟು ನೋಡಿದರೆ ಪ್ಲಾಸ್ಟಿಕ್ಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನನ್ನದು ಸ್ವಲ್ಪ ದಪ್ಪವೇ. ಅಂಗಡಿಯದಕ್ಕೂ ದಾರ ಕಟ್ಟಿದ್ದರೆ ಅದೂ ಬಿಚ್ಚಿಕೊಳ್ತಿತ್ತು. ಹಾಗಂತ ಅಕ್ಕನಿಗೆ ಹೇಳಿದರೆ ಅರ್ಧ ಸತ್ಯ ಆಗುತ್ತೆ. ಯಾಕಂದ್ರೆ ಅಂಗಡಿಯದಕ್ಕೆ ನಾನು ದಾರ ಕಟ್ತಿರಲಿಲ್ಲ. ದುಡ್ಡು ಕೊಟ್ಟ ವಸ್ತು ಅಂತ ಮರುದಿನವೇ ಟೈ ತರ್ತಿದ್ದೆ. ಕ್ಯಾನಿಂದಾದ್ದರಿಂದ "ನಡೀತದೆ" ಅಂದುಕೊಂಡೆ. ಇನ್ನೊಂದು, ಮನೆಯಲ್ಲಿ ಮಾಡಿದ್ದರ ಕೊರತೆ ಎಲ್ಲಿದೆ ಅಂತ ಮಾಡಿದವನಿಗೆ ಮಾತ್ರ ಗೊತ್ತಿರುತ್ತೆ. ಸೈಕಲ್ ಕೊಟ್ಟೆ, ಅದನ್ನ ಕೊಡಲಿಲ್ಲ.

ಧಾರವಾಡದ ಕಡೆಯ ಸ್ನೇಹಿತನೊಬ್ಬನಿಗೆ ಇದೆಲ್ಲ ಹೇಳಿದೆ. ಅವನೂ ಗುಡ್ಡ ಹತ್ತೋ ಸೈಕಲ್ಲಿನವ. "ನಮ್ಮ ಎರಿ ಮಣ್ಣಾಗ ಮನಿದೂ ಬ್ಯಾಡ, ಅಂಗಡೀದೂ ಬ್ಯಾಡ. ಮಡ್‌ಗಾರ್ಡ್ ಅಂದ್ರ ಇನ್ನೊಂದು ಬ್ರೇಕ್ ಇದ್ದಾಂಗ" ಅಂದ. ಅವನು ಹೇಳೋದು ಸರಿ. ಎರೆಮಣ್ಣು ಅಂಟು, ಟಯರಿಗೂ ಮಡ್‌ಗಾರ್ಡಿಗೂ ನಡುವೆ ಹಿಟ್ಟಿನ ಹಾಗೆ ತುಂಬಿಕೊಂಡು ಚಕ್ರ ಹಿಡಿದುಬಿಡುತ್ತೆ. ನಮ್ಮ ಜಂಬಿಟ್ಟಿಗೆ ಮಣ್ಣು ನೀರಾಗಿ ಹರಿಯುತ್ತೆ, ಚಿಮ್ಮುತ್ತೆ, ಆದರೆ ಅಷ್ಟು ಕೂರಲ್ಲ. ಇಲ್ಲಿನ ತೊಂದರೆ ಕೋಲು, ಸೋಗೆ, ದರಗೆಲೆ. ಹಾಗಾಗಿ ನನ್ನ ಅಳತೆಯನ್ನು ಹಾಗೇ ಎತ್ತಿಕೊಳ್ಳಬೇಡಿ, ನಿಮ್ಮ ದಾರಿಯ ಮಣ್ಣನ್ನು ಒಮ್ಮೆ ಕೈಯಲ್ಲಿ ಹಿಸುಕಿ ನೋಡಿ.

ಈಗ ಏನು ಹಾಕಿದ್ದೀ ಅಂತ ಕೇಳೋರಿಗೆ: ಹಿಂದೆ ಅಂಗಡಿಯದು, ಟ್ಯೂಬಿನ ತುಂಡಿನ ಸಮೇತ. ಮುಂದೆ ಕ್ಯಾನಿನದೇ, ಹೊಸದು, ಉದ್ದ ನಾಲ್ಕು ಬೆರಳು ಕಡಿಮೆ ಮಾಡಿದ್ದೇನೆ. ಸ್ವಲ್ಪ ಕೆಸರು ಮುಖಕ್ಕೆ ಬರುತ್ತೆ, ಬರಲಿ. ನಾಲ್ಕರ ಬದಲು ಆರು ಟೈ, ಎಲ್ಲ ಕಪ್ಪು. ಕಪ್ಪು ಬಿಸಿಲಿಗೆ ಹೆಚ್ಚು ತಡೆಯುತ್ತೆ. ಸೀಟಿನ ಕೆಳಗಿನ ಚೀಲದಲ್ಲಿ ಯಾವಾಗಲೂ ಹತ್ತು ಟೈ ಇರ್ತವೆ. ಮಳೆಗಾಲ ಶುರುವಾಗುವಾಗ ಹಳೆಯವನ್ನೆಲ್ಲ ಕತ್ತರಿಸಿ ಹೊಸದು ಹಾಕ್ತೀನಿ, ಗಟ್ಟಿ ಇದ್ದರೂ. ಮೊದಲ ಸಲ ಕಟ್ಟಿದಾಗ ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಫೋರ್ಕನ್ನು ಪೂರ್ತಿ ಒತ್ತಿ ನೋಡ್ತೀನಿ, ಎಲ್ಲಿಯಾದರೂ ತಾಗುತ್ತಾ ಅಂತ. ತಿರುಪು, ಕ್ಲಿಪ್ಪು ನೋಡುವ ತಾಳ್ಮೆ ಇಲ್ಲದವರು ಅಂಗಡಿಯ ಗಿಡ್ಡದನ್ನೇ ಹಾಕಿಕೊಳ್ಳಿ. ಅದನ್ನ ಆಡಿಕೊಂಡಿದ್ದಕ್ಕೆ ಬೇಜಾರಿದೆ. ಅದು ಗಿಡ್ಡ ಇರೋದಕ್ಕೆ ಒಂದು ಕಾರಣ ಇದೆ ಅಂತ ಈಗ ಅನಿಸುತ್ತೆ, ಸುತ್ತಿಕೊಳ್ಳೋಕೆ ಉದ್ದವೇ ಇಲ್ಲ.

ಹೋದ ಭಾನುವಾರ ಅವರು ಮತ್ತೆ ಬಂದಿದ್ದರು. ಹುಡುಗ ಈಗ ನನಗಿಂತ ಎತ್ತರ. ಸೈಕಲ್ ನೋಡಿದ, ಕೇಳಲಿಲ್ಲ. ನಾನೇ ಕರೆದು ಮುಂದೆ ಕೂರಿಸಿಕೊಂಡು ಒಂದೊಂದು ಟೈಯನ್ನೂ ಎಳೆದು ತೋರಿಸಿದೆ. ಸದ್ದು ಬಂದರೆ ಇಳಿ, ಕೋಲು ಕಂಡರೆ ನಿಧಾನ ಮಾಡು ಅಂದೆ. ಅವನೂ ಆರನ್ನೂ ಎಳೆದ.

"ಮಾವ, ಇದು ಅಂಗಡೀದಾ, ಮನೇದಾ?"

"ಕ್ಯಾನು ಮನೇದು. ಟೈ ಅಂಗಡೀದು."

ಹೆಲ್ಮೆಟ್ ಹಾಕಿಕೊಂಡ. ಅಕ್ಕ ಒಳಗಿಂದ ಕೈ ಒರೆಸಿಕೊಳ್ತಾ ಬಂದು ಜಗಲಿಯ ತುದಿಗೆ ನಿಂತಳು. ಹೋಗಬೇಡ ಅಂತಾಳೆ ಅಂದುಕೊಂಡೆ. "ತಮ್ಮಾ, ನೀನೂ ಇನ್ನೊಂದ್ಸಲ ನೋಡು" ಅಂದಳು. ನೋಡಿದೆ.

ಹಳ್ಳದ ತನಕ ಹೋಗಿ ಬಂದ. ಕೊನೆಯ ಫೋಟೊ ಅವನ ಬೆನ್ನಿಂದು.