ಫ್ರೆಂಚ್ ರಾಕ್ಸಿನ ಮಲ್ಲಿಗೆ

ನಾನು ವಾಸಿಸುವ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಶ್ರೀರಂಗಪಟ್ಟಣಕ್ಕೆ ಅನತಿದೂರದ ಈ ಬಂಡೆಗಳ ಬುಡದಲ್ಲಿ ಬೀಡುಬಿಟ್ಟಿದ್ದುದರಿಂದ ಆಗ ಹಿರೋಡೆ ಎನಿಸಿದ್ದ ಈ ಊರಿಗೆ ಅಂಟಿಕೊಂಡ ಆ ಹೆಸರು, ಸಿಪಾಯಿಗಳು ಹೊರಟುಹೋದ ಮೇಲೂ ಬಹುಕಾಲ ಉಳಿದು, ಕಡೆಗೆ ಪಾಂಡವರಿಗೆ ಎಡೆಗೊಟ್ಟು ಸರಿಯಿತು. ಈ ಪುರಾತನ ವೃತ್ತಾಂತ ನನಗೆ ಥಟ್ಟನೆ ಸ್ಮರಣೆಗೆ ಬಂದದ್ದು, ಬೆಂಗಳೂರಿನಿಂದ ಬಂದಿದ್ದ ನನ್ನ ಅಳಿಯಂದಿರು ಜಗಲಿಯ ಮೇಲೆ ಕುಳಿತು, "ಮಾವ, ನನಗೆ ರಾಕ್ ಅಂದರೆ ಪ್ರಾಣ" ಎಂದಾಗ. "ಹಾಗಾದರೆ ಸರಿಯಾದ ಊರಿನಲ್ಲೇ ಸಂಬಂಧ ಬೆಳೆಸಿದ್ದೀರಿ" ಎಂದೆ.

ಅವರ ಪ್ರಾಣವಿದ್ದದ್ದು 1973ರಲ್ಲಿ ಹೊರಬಂದ ಪಿಂಕ್ ಫ್ಲಾಯ್ಡ್ ತಂಡದ 'ದಿ ಡಾರ್ಕ್ ಸೈಡ್ ಆಫ್ ದ ಮೂನ್' ಎಂಬ ಆಲ್ಬಮ್ಮಿನಲ್ಲಿ. ತಾವು ಹುಟ್ಟುವ ಮುಂಚಿನ ಆ ಕೃತಿಯನ್ನು ಅವರು ವರ್ಣಿಸಿದ ಪರಿಯೇ ಒಂದು ಉಪನ್ಯಾಸದಂತಿತ್ತು: ಅದು ಹೃದಯದ ಬಡಿತದಿಂದ ಆರಂಭವಾಗಿ ಹೃದಯದ ಬಡಿತದಲ್ಲಿಯೇ ಮುಗಿಯುವುದಂತೆ, ಅಮೆರಿಕದ ಜನಪ್ರಿಯತೆಯ ಪಟ್ಟಿಯಲ್ಲಿ 1988ರವರೆಗೆ ಒಟ್ಟು 741 ವಾರಗಳ ಕಾಲ ನೆಲಸಿತ್ತಂತೆ. ಕರ್ಣಯಂತ್ರವನ್ನು ನನ್ನ ಕಿವಿಗಿಟ್ಟು ಅವರು ಕೇಳಿಸಿದ ಆ ನಾದಪ್ರವಾಹದಲ್ಲಿ ನನಗೆ ತಿಳಿದುದು ಅತ್ಯಲ್ಪ. ಆದರೂ ಅದನ್ನು ಕೇಳಿಸುವಾಗ ಅವರ ಮುಖದಲ್ಲಿ ಮೂಡಿದ ತನ್ಮಯತೆ ನನಗೆ ಸುಪರಿಚಿತವಾದದ್ದು. ಪರದೇಶದ ಗೀತವೆಂದು ಮೂಗು ಮುರಿಯುವ ಅಧಿಕಾರವಂತೂ ನನಗಿರಲಿಲ್ಲ, ಏಕೆಂದರೆ 'ಇಂಗ್ಲಿಷ್ ಗೀತಗಳು' ಕೃತಿಯಿಂದ ಆಂಗ್ಲ ಭಾವಗೀತೆಯನ್ನು ಕನ್ನಡದ ಮನೆಯೊಳಕ್ಕೆ ಕರೆತಂದ ಬಿ.ಎಂ.ಶ್ರೀಯವರು ನಮ್ಮ ನೆರೆಯ ನಾಗಮಂಗಲದ ಬೆಳ್ಳೂರಿನವರೇ ಅಲ್ಲವೆ?

"ನಿಮಗೂ ಅಂಥದ್ದೊಂದು ಇರಬೇಕಲ್ಲ, ಮಾವ?" ಎಂದರು ಅಳಿಯಂದಿರು. ಇದೆ; ಅದು 'ಮೈಸೂರು ಮಲ್ಲಿಗೆ'ಯ ಧ್ವನಿಸುರುಳಿ. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಜನಿಸಿದ ಕೆ.ಎಸ್.ನರಸಿಂಹಸ್ವಾಮಿಯವರ ಆ ಕವನಸಂಕಲನ 1942ರಲ್ಲಿ ಪ್ರಕಟವಾಗಿ ನಾಡಿನ ನವದಂಪತಿಗಳಿಗೆ ಮಾತು ಕಲಿಸಿದ ತರುವಾಯ, ಎಷ್ಟೋ ವರ್ಷಗಳಾದ ಮೇಲೆ, ಅದರ ಗೀತೆಗಳಿಗೆ ರಾಗ ಸಂಯೋಜಿಸಿದ ಸಿ.ಅಶ್ವಥ್ ಅವರು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ಹೇಮಾವತಿ ಆ ಊರನ್ನು ಹಾದು, ಕವಿಯ ತಾಲ್ಲೂಕನ್ನು ಬಳಸಿ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರಿ, ಶ್ರೀರಂಗಪಟ್ಟಣವನ್ನು ಎರಡು ತೋಳುಗಳಿಂದ ಅಪ್ಪುವ ನೀರಾಗಿ ಹರಿಯುತ್ತಾಳೆ. ನಾನು ಆ ಕ್ಯಾಸೆಟ್ಟನ್ನು ಕೊಂಡದ್ದು ಆ ಪಟ್ಟಣದಲ್ಲಿಯೇ ಆದುದರಿಂದ, ರಾಗವೂ ಪದವೂ ಒಂದೇ ಪ್ರವಾಹದಲ್ಲಿ ತೇಲಿಬಂದು ನನ್ನ ಕೈಗೆ ಸಿಕ್ಕವೆಂದು ಭಾವಿಸಿದರೆ ಭೂಗೋಳಶಾಸ್ತ್ರವೇನೂ ಆಕ್ಷೇಪಿಸಲಾರದು.

ಮದುವೆಯಾದ ಹೊಸತರಲ್ಲಿ, ಆ ಹಾಡುಗಳ ಅಮಲಿನಲ್ಲಿ, ಮಡದಿಯನ್ನು ಕರೆದುಕೊಂಡು ಕವಿಯ ಊರನ್ನು ನೋಡಲು ಹೊರಟೆ. ಕೆ.ಆರ್.ಪೇಟೆಯ ನಿಲ್ದಾಣದಲ್ಲಿ ಕಿಕ್ಕೇರಿಯ ಫಲಕವಿದ್ದ ಬಸ್ಸು ಸಿಕ್ಕಿತೇ ಹೊರತು, ಕವನಗಳಲ್ಲಿನ ನವಿಲೂರಿನದು ಸಿಗಲಿಲ್ಲ. ಕಿಕ್ಕೇರಿಯಲ್ಲಿ ಹನ್ನೆರಡನೆಯ ಶತಮಾನದ ಬ್ರಹ್ಮೇಶ್ವರ ದೇಗುಲದ ಕಲ್ಲಿನ ತಂಪಿನಲ್ಲಿ ಕುಳಿತಾಗ ನನ್ನಾಕೆ, "ಅಲ್ರೀ, ನವಿಲೂರಿಗೆ ಹೋಗೋಕೆ ಬಸ್ಸು ಯಾಕೆ? ಮನೆಗೆ ಹೋಗಿ ಕ್ಯಾಸೆಟ್ ಹಾಕಿದರಾಯ್ತು" ಎಂದಳು. ಅಂದಿನಿಂದ ಅದೇ ನಮ್ಮ ಯಾತ್ರಾಮಾರ್ಗವಾಯಿತು.

ದಿನಕ್ಕೆರಡು ಬಾರಿ ಯಾತ್ರೆ ಹೊರಟರೆ ದಾರಿ ಸವೆಯದಿರುವುದೆ? ಒಂದು ಸಂಜೆ, ರಾಯರು ಮಾವನ ಮನೆಗೆ ಬರುವ ಆ ಪ್ರಸಿದ್ಧ ಗೀತೆಯ ನಡುವೆ, ಯಂತ್ರ ಸುರುಳಿಯನ್ನು ಕಬಳಿಸಿ ಕರುಳಿನಂತೆ ಹೊರಗೆಳೆಯಿತು. ಪೆನ್ಸಿಲನ್ನು ಹಲ್ಲಿನ ಚಕ್ರಕ್ಕೆ ತೂರಿಸಿ ಎಷ್ಟು ಸುತ್ತಿದರೂ ಸುಕ್ಕು ಹೋಗಲಿಲ್ಲವಾದ್ದರಿಂದ, ಕೆಟ್ಟ ಭಾಗವನ್ನು ಕತ್ತರಿಸಿ ತುದಿಗಳನ್ನು ಅಂಟುಪಟ್ಟಿಯಿಂದ ಬೆಸೆದೆವು. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಅಳೆಯುವುದು ನಮ್ಮ ಕಡೆಯ ಪದ್ಧತಿಯಷ್ಟೆ. ಹೋದದ್ದು ಐದು ಮೊಳ. ಕ್ಯಾಸೆಟ್ಟಿನ ಸುರುಳಿ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವುದರಿಂದ ಐದು ಮೊಳವೆಂದರೆ ಹೆಚ್ಚುಕಡಮೆ ಮುಕ್ಕಾಲು ನಿಮಿಷದ ಸಂಗೀತ. ಸಾಲದೆಂಬಂತೆ ಹಿಮ್ಮಗ್ಗುಲ ಇನ್ನೊಂದು ಹಾಡೂ ಕುಂಟಾಯಿತು.

ಆ ಮುಕ್ಕಾಲು ನಿಮಿಷದಲ್ಲಿಯೇ ರಾಯರ ಮಡದಿ ಪದುಮಳು ಮನೆಯೊಳಗಿಲ್ಲವೆಂಬ ವಾರ್ತೆಯಿತ್ತು. ಆದ್ದರಿಂದ ನಮ್ಮ ಮನೆಯ ರಾಯರು ಕಾಲಿಗೆ ಬಿಸಿನೀರು, ಗಸಗಸೆ ಪಾಯಸ ಮೊದಲಾದ ಸಕಲ ಉಪಚಾರಗಳನ್ನೂ ಸ್ವೀಕರಿಸಿ, ಬೆಳಗಾಗುತ್ತಲೇ ಯಾವ ಕಾರಣವೂ ಇಲ್ಲದೆ ಮುನಿಸಿಕೊಂಡು ಹೊರಟು ನಿಲ್ಲುತ್ತಿದ್ದರು. ಆ ಹಾಡನ್ನು ಜೋಗುಳವಾಗಿ ಕೇಳಿ ಬೆಳೆದ ನಮ್ಮ ಮಗಳು ಐದಾರು ವರ್ಷದವಳಾಗಿದ್ದಾಗ, "ಅಪ್ಪಾ, ರಾಯರಿಗೆ ಯಾಕೆ ಕೋಪ?" ಎಂದು ಕೇಳಿದಳು. "ಅಳಿಯಂದಿರ ಕೋಪಕ್ಕೆ ಕಾರಣ ಬೇಡ ಮಗು" ಎಂದಿದ್ದೆ. ಆಗ ನಾನೂ ಅಳಿಯನೇ. ನನ್ನ ಮಾವನವರು ಒಳಗಿನಿಂದ ಕೆಮ್ಮಿದ್ದು ಕೇಳಿಸಿತ್ತು.

ಈ ಕಥೆಯನ್ನು ಕೇಳಿದ ಅಳಿಯಂದಿರು ನಕ್ಕು, ತಮ್ಮ ಫೋನಿನಲ್ಲಿ ಅದೇ ಹಾಡನ್ನು ಹುಡುಕಿ, ಅಖಂಡವಾಗಿ ಕೇಳಿಸಿದರು. ಅಡುಗೆಮನೆಯಿಂದ ಬಂದು ಬಾಗಿಲಿಗೊರಗಿ ಕೇಳುತ್ತಿದ್ದ ಮಗಳು, ಕತ್ತರಿ ಬಿದ್ದ ಸ್ಥಳಕ್ಕೆ ಹಾಡು ಬಂದಾಗ, "ಅಯ್ಯೋ, ಇದಕ್ಕಾ ಕೋಪ! ಅಪ್ಪಾ, ಇಷ್ಟು ವರ್ಷ ಆ ಮನುಷ್ಯನ ಮೇಲೆ ಅಪವಾದ ಹೊರಿಸಿದ್ರಿ" ಎಂದಳು. ಧ್ವನಿ ಸ್ಫಟಿಕದಂತೆ ನಿರ್ಮಲವಾಗಿತ್ತು. ಆದರೆ ನನ್ನ ಮನಸ್ಸು ಮಾತ್ರ ಆ ಮುಕ್ಕಾಲು ನಿಮಿಷವನ್ನು, ಪಂಕ್ತಿಯಲ್ಲಿ ಬಂದು ಕುಳಿತ ಅಪರಿಚಿತ ಅತಿಥಿಯನ್ನು ನೋಡುವಂತೆ ನೋಡುತ್ತಿತ್ತು. ನಾವು ದೀರ್ಘಕಾಲ ಪ್ರೀತಿಸುವುದು ಅಂಗಡಿಯಲ್ಲಿ ಎಲ್ಲರಿಗೂ ದೊರೆಯುವ ಕೃತಿಯನ್ನಲ್ಲ, ನಮ್ಮ ಮನೆಯಲ್ಲಿ ಕತ್ತರಿಸಿ ಅಂಟಿಸಿದ ಒಂದೇ ಒಂದು ಪ್ರತಿಯನ್ನು ಎಂಬುದು ನನಗೆ ಮನವರಿಕೆಯಾದದ್ದು ಆಗ.

ಮರುದಿನ ಬೆಳಿಗ್ಗೆ ಅಳಿಯಂದಿರು ಚೀಲ ಹೆಗಲಿಗೇರಿಸಿ, ತಿಂಡಿಯನ್ನೂ ತಿನ್ನದೆ, ಬಿಗಿದ ಮುಖದಿಂದ ಹೊರಟು ನಿಂತರು. ನನ್ನಾಕೆ ಗಾಬರಿಯಾಗಿ ನನ್ನನ್ನು ನೋಡಿದಳು. ಮಗಳು ಮಾತ್ರ ನಿಶ್ಚಿಂತೆಯಿಂದ ಹೂವು ಮುಡಿಯುತ್ತಿದ್ದಳು. ನಾನು ಕಾರಣ ಕೇಳಲಿಲ್ಲ. ಒಳಕ್ಕೆ ಹೋಗಿ ಹಳೆಯ ಯಂತ್ರದಲ್ಲಿ ಹಳೆಯ ಸುರುಳಿಯನ್ನು ಹಾಕಿ, ಸ್ವಲ್ಪ ಗಟ್ಟಿಯಾಗಿಯೇ ಕೆಮ್ಮಿದೆ.