"ಪೋಚ್ ತಗೊಂಡ್ರೇನು?"

ಎಂಬತ್ತರ ದಶಕದಲ್ಲಿ ಖಾನಾಪುರದಲ್ಲಿ ಅರ್ಜಿ ಬರೆದುಕೊಡುವವರಿಗೆ ಇದ್ದದ್ದು ಒಂದೇ ಒಕ್ಕಣೆ. ಗಟಾರು ತುಂಬಿರಲಿ, ನಳಕ್ಕೆ ನೀರು ಬಾರದಿರಲಿ, "ತಾವು ದಯಾಳುಗಳಾಗಿ" ಎಂದು ಶುರುವಾಗಿ "ತಮ್ಮ ವಿಧೇಯ" ಎಂದು ಮುಗಿಯುತ್ತಿತ್ತು. ಕಾರ್ಬನ್ ಇಟ್ಟು ಎರಡು ಪ್ರತಿ. ಕೈಗೆ ಕೊಡುವಾಗ ತಪ್ಪದೆ ಹೇಳುತ್ತಿದ್ದರು: "ಪೋಚ್ ತಗೊಳ್ರಿ, ಮರೀಬ್ಯಾಡ್ರಿ." ಎರಡನೇ ಪ್ರತಿಯ ಮೂಲೆಗೆ ಟಪಾಲು ಗುಮಾಸ್ತ ನೇರಳೆ ಶಿಕ್ಕಾ ಒತ್ತಿ, ತಾರೀಖು ಬರೆದು, ಓದಲಾಗದ ಸಹಿ ಗೀಚಿದರೆ ಅದು ಪೋಚ್. ಅದು ಟ್ರಂಕಿನಲ್ಲಿ ರೇಷನ್ ಕಾರ್ಡಿನ ಕೆಳಗೆ ಸೇರುತ್ತಿತ್ತು. ನಮ್ಮ ಓಣಿಯ ಹಲವು ಮನೆಗಳಲ್ಲಿ ಇಂಥ ಪೋಚುಗಳಿದ್ದವು. ಮುಂದೇನು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಕಾನೂನು ಇರಲಿಲ್ಲವೆಂದಲ್ಲ. ಮಧ್ಯಪ್ರದೇಶದ ರತ್ಲಾಮಿನ ಜನ ಗಟಾರಿನ ನಾತ ತಾಳಲಾರದೆ ಮ್ಯಾಜಿಸ್ಟ್ರೇಟರ ಬಳಿ ಹೋಗಿದ್ದರು. 1980ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್, ರೊಕ್ಕವಿಲ್ಲವೆಂದು ಪುರಸಭೆ ಕೈತೊಳೆದುಕೊಳ್ಳುವಂತಿಲ್ಲ ಎಂದು ತೀರ್ಪಿತ್ತರು. ಆದರೆ ನಮ್ಮ ಹೈಕೋರ್ಟು ಇದ್ದದ್ದು ಸುಮಾರು 500 ಕಿಲೋಮೀಟರ್ ಆಚೆ, ಬೆಂಗಳೂರಿನಲ್ಲಿ. ರಾತ್ರಿ ರೈಲು, ವಕೀಲರ ಫೀಸು, ಲಾಡ್ಜಿನ ಬಾಡಿಗೆ, ತಾರೀಖು ಮುಂದೆ ಹೋದರೆ ಬಂದ ದಾರಿಗೆ ಸುಂಕವಿಲ್ಲದೆ ವಾಪಸು. ಹೊಲ ಉಳಿಸಿಕೊಳ್ಳಲು ಹೋಗುವವರಿದ್ದರು. ಗಟಾರಿಗಾಗಿ ಯಾರು ಹೋದಾರು?

ನಮ್ಮ ಜಿಲ್ಲಾಕೇಂದ್ರ ಬೆಳಗಾವಿಯ ಪಾಲಿಕೆಯ ಮಾತು ಬಂದರಂತೂ ಎಲ್ಲವೂ ಗಡಿ ವಿವಾದಕ್ಕೆ ಹೋಗಿ ನಿಲ್ಲುತ್ತಿತ್ತು. ಬೆಳಗಾವಿಯನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಎಂಬ ಠರಾವಿಗಾಗಿ 2005ರಲ್ಲಿ, ರಾಜ್ಯೋತ್ಸವದಂದು ಗಡಿ ಹೋರಾಟಗಾರರು ಆಚರಿಸುವ ಕರಾಳ ದಿನದಲ್ಲಿ ಮೇಯರ್ ಭಾಗವಹಿಸಿದ್ದಕ್ಕಾಗಿ 2011ರಲ್ಲಿ ಸರ್ಕಾರ ಪಾಲಿಕೆಯನ್ನೇ ಬರಖಾಸ್ತು ಮಾಡಿತು. ಲೆಕ್ಕ ಕೇಳಿದ್ದು ಬೆಂಗಳೂರು. ಓಣಿಯವರಲ್ಲ, ಕೇಳಿದ್ದು ಗಟಾರಿನ ಲೆಕ್ಕವೂ ಅಲ್ಲ.

2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯಿತು. ಬೆಳಗಾವಿಯಿಂದ ಹೊರಟರೆ ಧಾರವಾಡ ಊರು ಸಿಗುವ ಮೊದಲೇ ಹೆದ್ದಾರಿಯ ಬದಿಗೆ ಕೋರ್ಟು. ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆಯೂಟಕ್ಕೆ ಮನೆಯಲ್ಲಿರಬಹುದು. ಅದಕ್ಕೂ ಮೊದಲೇ, 2005ರಲ್ಲಿ, ಮಾಹಿತಿ ಹಕ್ಕು ಕಾಯ್ದೆ ಬಂದಿತ್ತು. 10 ರೂಪಾಯಿ ಶುಲ್ಕ, 30 ದಿನದ ಗಡುವು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಳೆಯ ಒಕ್ಕಣೆಯಲ್ಲಿ ಬರೆದರೆ ದಯಾಳುತನಕ್ಕೇ ಅರ್ಧದಷ್ಟು ಪದಗಳು ಮುಗಿದಾವು. ಕಾಯ್ದೆ ಮಾಡಿದ ದೊಡ್ಡ ಉಪಕಾರ, ದಯೆಯ ಮಾತನ್ನು ತೆಗೆದುಹಾಕಿದ್ದು. ಪೋಚಿಗೂ ಆಗಲೇ ಬೆಲೆ ಬಂತು. ವಕೀಲರು ಮೊದಲು ಕೇಳುವುದೇ ಅದನ್ನು.

ಕೋರ್ಟು ಹತ್ತಿರ ಬಂದದ್ದರ ಫಲ, ಬೆಳಗಾವಿಯ ಶಹಾಪುರದ ರಸ್ತೆಯ ಕಥೆ, ಎಲ್ಲರೂ ಕಂಡದ್ದು. ಬ್ಯಾಂಕ್ ಆಫ್ ಇಂಡಿಯಾ ಕಡೆಯಿಂದ ಹಳೇ ಪಿ.ಬಿ. ರಸ್ತೆಗೆ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ರಸ್ತೆಯಾಯಿತು. ಅಡಿಯಲ್ಲಿದ್ದ ಜಾಗವನ್ನು ಕಾನೂನಿನಂತೆ ಸ್ವಾಧೀನ ಮಾಡಿಕೊಂಡಿರಲಿಲ್ಲ. ಮಾಲೀಕರು ಧಾರವಾಡದ ಪೀಠಕ್ಕೆ ಹೋದರು. ಪರಿಹಾರದ ಬಾಬತ್ತು 20 ಕೋಟಿ ರೂಪಾಯಿಗೆ ಮುಟ್ಟಿತು. ಅಷ್ಟು ಕೊಡಲಾರದ ಪಾಲಿಕೆ 2024ರ ಸೆಪ್ಟೆಂಬರ್‌ನಲ್ಲಿ ಜಾಗವನ್ನೇ ಮರಳಿಸಿತು. ಸರ್ಕಾರಿ ರೊಕ್ಕದಲ್ಲಿ ಹಾಕಿದ ರಸ್ತೆ, ಓಡಾಡುವವರಿಗೆ ಬಂದ್ ಆಯಿತು. ಮಾಲೀಕರ ತಪ್ಪು ಇದರಲ್ಲಿ ಏನೂ ಇಲ್ಲ. ಆದರೆ ಗೆದ್ದದ್ದು ಕೈಯಲ್ಲಿ ಜಾಗದ ಉತಾರ ಇದ್ದವರು ಎಂಬುದೂ ನಿಜ. ಗಟಾರಿನ ಬಾಜೂಕೆ ಬಾಡಿಗೆಗಿರುವವರ ಬಳಿ ಯಾವ ಉತಾರವಿದೆ?

ಹತ್ತಿರ ಬಂದ ಕೋರ್ಟು ನಗರಸೇವಕರಿಗೂ ಹತ್ತಿರವೇ. ಬೆಳಗಾವಿ ಪಾಲಿಕೆಯ 58 ವಾರ್ಡುಗಳಿಗೆ 2021ರ ಸೆಪ್ಟೆಂಬರ್‌ನಲ್ಲಿ ಚುನಾವಣೆ ನಡೆದರೂ ಮೇಯರ್ ಸಿಕ್ಕಿದ್ದು 2023ರ ಫೆಬ್ರುವರಿಯಲ್ಲಿ. ಆ ಸದಸ್ಯರಲ್ಲಿ ಇಬ್ಬರ ಪತ್ನಿಯರ ಹೆಸರಿಗೆ ತಿನಿಸು ಕಟ್ಟೆ ಎಂಬ ತಿಂಡಿ ಅಂಗಡಿಗಳ ಸಾಲಿನಲ್ಲಿ ಮಳಿಗೆಗಳಿವೆ ಎಂದು ನಾಗರಿಕರೊಬ್ಬರು ದಾಖಲೆ ಸಮೇತ ದೂರು ಕೊಟ್ಟರು. ಸದಸ್ಯರು ಪಾಲಿಕೆಯ ವ್ಯವಹಾರದಲ್ಲಿ ಪಾಲು ಇಟ್ಟುಕೊಳ್ಳಬಾರದೆಂಬ ಕಲಂ 1976ರ ಪಾಲಿಕೆಗಳ ಕಾಯ್ದೆಯಲ್ಲೇ ಇದೆ. 2025ರ ಫೆಬ್ರುವರಿಯಲ್ಲಿ ಪ್ರಾದೇಶಿಕ ಆಯುಕ್ತರು ಇಬ್ಬರ ಸದಸ್ಯತ್ವ ರದ್ದು ಮಾಡಿದರು. ಇಬ್ಬರೂ ಧಾರವಾಡದ ದಾರಿ ಹಿಡಿದು ತಡೆಯಾಜ್ಞೆ ತಂದರು. ಮಾರ್ಚ್‌ನಲ್ಲಿ ಮೇಯರ್ ಚುನಾವಣೆ ಬಂತು. ಗೆದ್ದವರು ಆ ಇಬ್ಬರಲ್ಲಿ ಒಬ್ಬರು.